ಡಬ್ಬಿಗೆ ಹಾಕೋ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಆಗ್ದಿರೋಕೆ

ಬೆಳಿಗ್ಗೆ ಡಬ್ಬಿಗೆ ಮೊಸರನ್ನ ಕಲ್ಸೋವಾಗ ಮೊಸರು ಸುರೀಬೇಡಿ, ಹಾಲು ಹಾಕಿ ಕಲ್ಸಿ ಕೊನೇಲಿ ಒಂದೇ ಒಂದು ಚಮಚ ಮೊಸರು ಸೇರ್ಸಿ. 1 ಕಪ್ ಅನ್ನಕ್ಕೆ ಸುಮಾರು ಒಂದೂವರೆ ಕಪ್ ಕಾಯ್ಸಿ ಆರ್ಸಿದ ಹಾಲು, ಅನ್ನ ಮೆತ್ತಗಿರ್ಬೇಕು, ಬಿಸಿ ಇರೋವಾಗ್ಲೇ ಸೌಟಲ್ಲಿ ಮಸೆದುಬಿಡಿ. ಕಲಸಿದಾಗ ಪಾಯಸದ ಥರ ನೀರು ನೀರಾಗೇ ಕಾಣತ್ತೆ, ಗಾಬರಿ ಬೇಡ, ಅನ್ನ ಹಾಲು ಕುಡಿಯತ್ತೆ, ಆ ಚಮಚ ಮೊಸರೇ ಹೆಪ್ಪಾಗಿ ಮಧ್ಯಾಹ್ನ 1 ಗಂಟೆ ಹೊತ್ತಿಗೆ ಡಬ್ಬಿಯೊಳಗೇ ಗಟ್ಟಿಯಾಗಿ ಸಿಹಿ ಮೊಸರಾಗಿರತ್ತೆ. ಬರೀ ಮೊಸರಲ್ಲಿ ಕಲ್ಸಿದ್ರೆ ಅದು ಆಗ್ಲೇ ಆಗಿರೋ ಮೊಸರು, ಊಟದ ಹೊತ್ತಿಗೆ ಇನ್ನೂ ಹುಳಿ ಏರತ್ತೆ ಅಷ್ಟೇ. ಆದ್ರೆ ಅನ್ನ ಸುಡೋಷ್ಟು ಬಿಸಿ ಇದ್ದಾಗ ಮೊಸರು ಹಾಕಿದ್ರೆ ಹೆಪ್ಪು ಸತ್ತೋಗತ್ತೆ, ಮಧ್ಯಾಹ್ನಕ್ಕೂ ಸಪ್ಪೆ ಹಾಲನ್ನವೇ, ಬೆರಳಿಟ್ರೆ ಉಗುರು ಬೆಚ್ಚಗಿರ್ಬೇಕು ನೋಡಿ. ಹಳೇ ಹುಳಿ ಮೊಸರಾದ್ರೆ ಒಂದು ಚಮಚವೂ ಕೆಡ್ಸತ್ತೆ. ಡಿಸೆಂಬರ್ ಚಳಿಗೆ ಎರಡು ಮೂರು ಚಮಚ ಬೇಕು, ಅದೇ ರಾಯಚೂರು ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ ಅರ್ಧ ಚಮಚ ಸಾಕು, ಹಾಲೂ ಫ್ರಿಜ್ಜಿಂದು ತಣ್ಣಗಿರ್ಲಿ. ಮಕ್ಳು ಹತ್ತೂವರೆ ಬ್ರೇಕಲ್ಲೇ ತಿಂತಾರೆ ಅಂದ್ರೆ ಇದು ಆಗಲ್ಲ, ಮಾಮೂಲಿ ಮೊಸರೇ ಹಾಕಿ. ಸಾಸಿವೆ ಇಂಗು ಒಗ್ಗರಣೆ ಆರಿದ್ಮೇಲೆ ಸೇರ್ಸಿ, ದಾಳಿಂಬೆ ಹಾಕ್ಬೋದು, ಸೌತೆಕಾಯಿ ಮಾತ್ರ ಬೇಡ್ವೇ ಬೇಡ, ನೀರು ಬಿಟ್ಕೊಳತ್ತೆ.