ಹಳ್ಳದ ತಲೆಯ ಕಾಡಿಗೆ ದಣಪೆ ಇಟ್ಟಿದ್ದು

ನಮ್ಮೂರಿಗೆ ನೀರು ಬರುವುದು ಅಬ್ಬಿಯಿಂದ, ಅಂದರೆ ಮೇಲಿನಿಂದ ತಾನಾಗಿಯೇ ಹರಿದು ಬರುವ ಹಳ್ಳದ ನೀರಿನಿಂದ. ಶಿರಸಿ ತಾಲೂಕಿನ ಪಶ್ಚಿಮಕ್ಕೆ, ಘಟ್ಟ ಇಳಿಯುವ ಅಂಚಿನಲ್ಲಿ ಹನ್ನೊಂದು ಮನೆ. ಮೇಲಿನ ಕಾನಿನಲ್ಲಿ, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡಿನಲ್ಲಿ, ಹುಟ್ಟುವ ಹಳ್ಳ ನಮ್ಮ ಹಂಡೆ ತುಂಬಿಸಿ, ತೋಟ ಹಾದು, ಕೆಳಗೆ ಅಘನಾಶಿನಿ ಸೇರುತ್ತದೆ. ಪಂಪಿಲ್ಲ, ಕರೆಂಟು ಬೇಡ. ಏಪ್ರಿಲ್‌ನಲ್ಲಿ ಅಬ್ಬಿ ಸಣ್ಣಗಾದರೆ ಮಾತ್ರ ಎಲ್ಲರಿಗೂ ಕಾನು ನೆನಪಾಗುತ್ತದೆ.

ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷನಾದ ವರ್ಷ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಹಳ್ಳದ ತಲೆಯ ಕಾಡಿಗೆ ಯಾರೂ ಹೋಗಬಾರದು ಅಂತ ಠರಾವು ಮಾಡಿಸಿದೆ. ಸುತ್ತ ಅಗಳ (ಕಂದಕ) ಹೊಡೆಸಿ, ಕಾಲುದಾರಿಗೆ ಮುಳ್ಳು ಒಟ್ಟಿಸಿದೆ. ಕಾರಣ ಶಿಕಾರಿ. ಬೇಸಿಗೆಯಲ್ಲಿ ನೀರಿರುವುದು ಅಲ್ಲಿ ಮಾತ್ರ, ಹಾಗಾಗಿ ಪ್ರಾಣಿಯೂ ಅಲ್ಲಿಗೇ ಬರುತ್ತದೆ, ಕೋವಿಯೂ ಅಲ್ಲಿಗೇ ಬರುತ್ತದೆ. ಚಿಗುರು ಹುಲ್ಲಿಗೆ ಕಾಡುಕುರಿ ಬರಲಿ ಅಂತ ಪಕ್ಕದ ಬೇಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಇಡುತ್ತಿದ್ದರು. ಅದು ಕಾಡಿಗೂ ನುಗ್ಗಿ ನೆಲದ ದರಕು (ಒಣ ಎಲೆ) ಸುಟ್ಟುಹೋದರೆ ಮೊದಲ ಮಳೆಗೇ ಅಬ್ಬಿಯಲ್ಲಿ ಕೆಂಪು ನೀರು. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಅಲ್ಲಿನ ಜಡ್ಡಿಯಲ್ಲಿ, ಅಂದರೆ ಜೌಗು ನೆಲದಲ್ಲಿ, ರಾಮಪತ್ರೆ ಮರಗಳಿವೆ. ಅದರ ಬೀಜ ದೊಡ್ಡದು, ಬಿದ್ದರೆ ಇಳಿಜಾರಿಗೆ ಉರುಳುತ್ತದೆ, ಇಲ್ಲವೇ ನೀರಲ್ಲಿ ಹೋಗುತ್ತದೆ. ಮೇಲಕ್ಕೆ ಒಯ್ಯುವುದು ಮಂಗಟ್ಟೆಯಂಥ (ಹಾರ್ನ್‌ಬಿಲ್) ಹಕ್ಕಿ. ಹಕ್ಕಿಗೆ ಈಡು ಬಿದ್ದರೆ ಬೀಜ ಮೇಲೆ ಹೋಗುವುದು ಹೇಗೆ?

ನಮ್ಮದೂ ಶಿಕಾರಿ ಮಾಡಿದ ಮನೆಯೇ. ಅಜ್ಜನ ಕೋವಿ ಇನ್ನೂ ಇದೆ. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತೇನೆ. ಅದರ ಲೈಸೆನ್ಸು ಬೆಳೆ ರಕ್ಷಣೆಗೆ, ಬೇಟೆಗಲ್ಲ. ಇದನ್ನು ಊರಲ್ಲಿ ಎಷ್ಟು ಸಲ ಹೇಳಿದ್ದೇನೋ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸು ಸಿಗುತ್ತಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಉರುಳು ಹಾಕುವುದು, ಸೋವುವುದು (ಪ್ರಾಣಿಯನ್ನು ಬೆದರಿಸಿ ಅಟ್ಟುವುದು) ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ, ಪ್ರಾಣಿ ಸಿಗದಿದ್ದರೂ. ಹಾಗಾಗಿ ಶಿಕಾರಿಗೆ ಎಷ್ಟು ಬಿಡಬೇಕು ಅನ್ನುವ ಚೌಕಾಶಿಗೆ ಸಮಿತಿಯಲ್ಲಿ ಜಾಗವೇ ಇರಲಿಲ್ಲ. ಉಳಿದವರಿಗೆ ಎಷ್ಟು ಬಿಡಬೇಕು ಅನ್ನುವುದೇ ಪ್ರಶ್ನೆ. ನಾನು ಏನೂ ಬಿಡಲಿಲ್ಲ.

ಆ ಚಳಿಗಾಲ ನಮ್ಮ ನಾಯಿ ಕಾಳ ಎರಡು ದಿನ ಮನೆಗೆ ಬರಲಿಲ್ಲ. ಮೂರನೇ ದಿನ ಅಗಳದ ಆಚೆ, ಹಂದಿ ಓಡಾಡುವ ದಾರಿಯಲ್ಲಿ ಸಿಕ್ಕಿತು. ಬೈಕಿನ ಕ್ಲಚ್ ವೈರಿನ ಉರುಳು. ಒಂದು ತುದಿಯನ್ನು ಗಿಡದ ಬುಡಕ್ಕೆ ಬಿಗಿದಿದ್ದರು. ಎಳೆದಾಡಿದಷ್ಟೂ ವೈರು ಸೊಂಟದ ಚರ್ಮದೊಳಗೆ ಇಳಿದಿತ್ತು. ಸುತ್ತಲಿನ ಮಣ್ಣು ಉತ್ತ ಹಾಗಿತ್ತು. ಇಕ್ಕಳದಿಂದ ಕತ್ತರಿಸುವಾಗ ನನ್ನ ಕೈ ಕಚ್ಚಿತು, ಪಾಪ. ಬದುಕಿತು ಅನ್ನಿ. ಐವತ್ತು ಹೆಜ್ಜೆಯೊಳಗೆ ಇನ್ನೂ ನಾಲ್ಕು ಉರುಳು ಕಂಡವು. ಒಂದಕ್ಕೆ ತುಕ್ಕು ಹಿಡಿದಿತ್ತು. ಅಂದರೆ ಅಷ್ಟು ದಿನದಿಂದ ಅಲ್ಲಿತ್ತು, ಯಾರೂ ನೋಡಿಲ್ಲ.

ಪಕ್ಕದ ಮನೆಯ ಅಜ್ಜನ ಹತ್ತಿರ ಹೇಳಿಕೊಂಡೆ. ಅವರು ಪ್ರತಿ ಮಳೆಗಾಲ ಅಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣು ಆರಿಸುತ್ತಿದ್ದವರು. 'ತಮಾ, ದಾರಿ ಮುಚ್ಚಿದವ ನೀನು. ಈಗ ಅಲ್ಲಿ ಏನಾಗ್ತದೆ ಅಂತ ನಂಗೆ ಹ್ಯಾಂಗೆ ಗೊತ್ತಾಗಬೇಕು?' ಅಂದರು. ಮುಳ್ಳು ನಿಲ್ಲಿಸಿದ್ದು ಬುಟ್ಟಿ ಹಿಡಿದವರನ್ನು, ಕೋವಿ ಹಿಡಿದವರನ್ನಲ್ಲ.

ಮುಂದಿನ ಸಭೆಯಲ್ಲಿ ಠರಾವು ಬದಲಾಯಿಸಿದೆವು. ಅಗಳಕ್ಕೆ ಒಂದು ಸಂಕ (ಕಾಲುಸೇತುವೆ), ಮುಳ್ಳಿನ ಜಾಗದಲ್ಲಿ ದಣಪೆ, ಅಂದರೆ ಅಡ್ಡಗಳು ಹಾಕಿದ ಬಾಗಿಲು. ದನ ಹೋಗಬಾರದು, ಜನ ಹೋಗಬಹುದು. ದರಕು, ಅಣಬೆ, ಜೇನು, ಹಣ್ಣಾದ ಉಪ್ಪಾಗೆ ತರಬಹುದು. ಕೊಂಬೆ ಕಡಿಯುವಂತಿಲ್ಲ. ಹಸಿ ಸೊಪ್ಪು ಅವರವರ ಸೊಪ್ಪಿನ ಬೆಟ್ಟದಿಂದಲೇ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನಿಂದಲೇ. ಅಡಿಕೆ ತೋಟಕ್ಕೆ ಎಕರೆಗೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟಿರುವ ಜಿಲ್ಲೆ ಇದು, ಆಮೇಲೂ ಕಾನಿಗೆ ಕತ್ತಿ ಯಾಕೆ? ಹಳ್ಳದ ಗುಂಡಿಗೆ ಮೀನು ಹಿಡಿಯಲು ನಂಜು ಹಾಕುವಂತಿಲ್ಲ. ಬೆಂಕಿಪೊಟ್ಟಣ ಒಯ್ಯುವಂತಿಲ್ಲ. ಇದಕ್ಕೇ ಜಾಸ್ತಿ ಗಲಾಟೆ ಆಗಿದ್ದು, ಬೀಡಿ ಸೇದುವವರಿಂದ. ಕೊನೆಗೆ ದಣಪೆಯ ಪಕ್ಕದ ಕಲ್ಲಿನ ಮೇಲೆ ಸೇದಿ ಮುಗಿಸಿ ಒಳಗೆ ಹೋಗುವುದು ಅಂತಾಯಿತು. ಉರುಳು ಕಂಡವರು ಮುಟ್ಟದೆ ಫೋಟೋ ಹೊಡೆದು ನನಗೆ ಕಳಿಸುತ್ತಾರೆ. ನಾನು ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸುತ್ತೇನೆ.

ಇಷ್ಟಕ್ಕೆ ಮುಗಿಯಲಿಲ್ಲ. ಕೋವಿ ಹಿಡಿಯುವವನೊಬ್ಬ ಸಭೆಯಲ್ಲೇ ಎದ್ದು, 'ಹಂದಿ ನಿಮ್ಮ ಗದ್ದೆ ಹೊಕ್ಕಿದ್ರೆ ಹೀಗೇ ಠರಾವು ಓದ್ತಾ ಕೂತಿರ್ತಿದ್ರಾ?' ಅಂತ ಕೇಳಿದ. ಉತ್ತರ ಇರಲಿಲ್ಲ. ಕೆಳಗಿನ ಗದ್ದೆಗೆ ಎಲ್ಲರೂ ಸೇರಿ ಸೋಲಾರ್ ಬೇಲಿ ಹಾಕಿದೆವು. ಭತ್ತ ಹಾಲುಗಟ್ಟುವ ಹೊತ್ತಿಗೆ ಮಾಳ (ಗದ್ದೆಯ ಅಟ್ಟಣೆ) ಕಾಯುವುದಕ್ಕೆ ಪಾಳಿ ಮಾಡಿಕೊಂಡೆವು. ಪರಿಹಾರದ ಅರ್ಜಿ ತುಂಬುವುದು ನನ್ನ ಕೆಲಸ. ಅನುಭವದ ಮಾತು ಒಂದು ಹೇಳುತ್ತೇನೆ: ಹಂದಿ ಉತ್ತ ಜಾಗವನ್ನು ಸಿಟ್ಟಿಗೆ ಬೆಳಿಗ್ಗೆಯೇ ಸರಿಮಾಡಬೇಡಿ. ಗೊರಸಿನ ಗುರುತು ಕಾಣುವ ಹಾಗೆ ಮೊದಲು ಫೋಟೋ ತೆಗೆಯಿರಿ.

ಶಿಕಾರಿ ಪೂರ್ತಿ ನಿಂತಿದೆಯಾ? ಇಲ್ಲ. ಆಗಾಗ ರಾತ್ರಿ ಈಡಿನ ಶಬ್ದ ಕೇಳುತ್ತದೆ, ಮಾರನೇ ದಿನ ಯಾರೂ ಏನೂ ಕೇಳಿಲ್ಲ. ನನ್ನ ಸೋದರ ಸಂಬಂಧಿಯೊಬ್ಬ ಮಾತು ಬಿಟ್ಟು ಎರಡು ವರ್ಷವಾಯಿತು. ಅಬ್ಬಿ ದಪ್ಪವಾಯಿತು ಅಂತಲೂ ಹೇಳಲಾರೆ, ಅದು ಮಳೆಯ ಮೇಲೆ. ಆದರೆ ಬೇಣಕ್ಕೆ ಎರಡು ಬೇಸಿಗೆ ಬೆಂಕಿ ಬಿದ್ದಿಲ್ಲ. ಈ ಸಲ ಮೊದಲ ಮಳೆಗೆ ಹಂಡೆಯ ತಳ ಕಾಣುವಷ್ಟು ತಿಳಿ ನೀರು ಬಂತು. ಈಗ ಬೇಲಿಯ ಬ್ಯಾಟರಿ ಸತ್ತಿದೆ. ಭತ್ತ ತೆನೆ ಬಿಡುವ ಮೊದಲು ಹೊಸದು ತರಬೇಕು, ವಂತಿಗೆ ಇನ್ನೂ ಮೂರು ಮನೆಯದು ಬಾಕಿ.