ಹೊಸ ಮನೆಯ ನೆಲ: ಹಾಸುವ ಮುಂಚೆ ಕೆಳಗೆ ಏನಿದೆ ನೋಡಿರಿ

ಗೋಡೆಗೆ ಪ್ಲಾಸ್ಟರ್ ಮುಗಿದು ನೆಲದ ಮಾತು ಬರುವ ಹೊತ್ತಿಗೆ ಕೂಡಿಟ್ಟ ಹಣ ಬಹುಪಾಲು ಕರಗಿರುತ್ತದೆ. ಆಗ ಎಲ್ಲರೂ ನೇರ ಟೈಲ್ಸ್ ಅಂಗಡಿಗೆ ಹೋಗಿ ಚದರ ಅಡಿಗೆ ಎಷ್ಟು ಎಂದು ಕೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆ ಕಟ್ಟಿಸುವವರು ಅದಕ್ಕೂ ಮೊದಲು ಗೌಂಡಿಯನ್ನು ಕೇಳಬೇಕಾದ ಮಾತೊಂದಿದೆ: ಕೋಣೆಯೊಳಗೆ ಯಾವ ಮಣ್ಣು ತುಂಬಿದಿರಿ? ನಮ್ಮ ಕಡೆ ಟೈಲ್ಸ್ ಕೆಟ್ಟು ನೆಲ ಹಾಳಾಗುವುದು ಕಡಿಮೆ, ಕೆಳಗಿನ ತುಂಬುಮಣ್ಣು ಕೈಕೊಟ್ಟು ಹಾಳಾಗುವುದೇ ಹೆಚ್ಚು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಪಾಯ ತೋಡಿದಾಗ ಬಂದ ಅದೇ ಮಣ್ಣನ್ನು, ಟ್ರ್ಯಾಕ್ಟರ್ ಬಾಡಿಗೆ ಉಳಿಯಲಿ ಎಂದು, ಕೋಣೆಯೊಳಗೆ ತುಂಬಿಬಿಡುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಗೋಡೆಯ ಪಕ್ಕಕ್ಕೆ ಇಳಿದು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಕೆಳಗೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮೇಲೆ ಎಷ್ಟು ದುಬಾರಿ ಕಲ್ಲು ಹಾಕಿದ್ದರೂ ಅದು ಉಳಿಯದು. ತುಂಬಬೇಕಾದದ್ದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಅದನ್ನೂ ಒಮ್ಮೆಗೇ ಸುರಿಯಬಾರದು. ಅರ್ಧ ಅಡಿಯಷ್ಟು ಹರಡಿ, ನೀರು ಹೊಡೆದು, ದಮ್ಮಸ್ ಮಾಡಿ, ಆಮೇಲೆ ಮುಂದಿನ ಪದರು. ಎರಡು ಅಡಿ ತುಂಬಬೇಕಿದ್ದರೆ ನಾಲ್ಕು ಸಲ ದಮ್ಮಸ್ ಆಗಲೇಬೇಕು. ಮುಗಿದ ಮೇಲೆ ಸಲಾಕೆಯನ್ನು ಜೋರಾಗಿ ಕುಕ್ಕಿ ನೋಡಿರಿ. ಮೊಳಕಾಲುದ್ದ ಸಲೀಸಾಗಿ ಇಳಿದರೆ ಕೆಲಸ ಆಗಿಲ್ಲ ಎಂದೇ ಅರ್ಥ. ಗೋಡೆಯ ಮೂಲೆಗಳಲ್ಲಿ ಯಂತ್ರ ಹೋಗುವುದಿಲ್ಲ, ಅಲ್ಲಿ ಕೈದಮ್ಮಸ್ಸಿನಿಂದ ಬಡಿಸಿರಿ. ನೆಲ ಮೊದಲು ಕುಸಿಯುವುದು ಅಲ್ಲೇ.

ಅದರ ಮೇಲೆ ಮೂರರಿಂದ ನಾಲ್ಕು ಇಂಚಿನ ಕಾಂಕ್ರೀಟ್ ಬೆಡ್. ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು, ಎಂಟು ಪಾಲು ದಪ್ಪ ಜಲ್ಲಿ ಇದ್ದರೆ ಸಾಕು. ಕನಿಷ್ಠ ಒಂದು ವಾರ ನೀರುಣಿಸಿರಿ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದಂಥ ಭತ್ತದ ನಾಡಿನಲ್ಲಿ ಮನೆ ಇದ್ದರೆ ಇನ್ನೊಂದು ಎಚ್ಚರ ಬೇಕು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದೊಳಗಿನ ನೀರು ಮೇಲೇರುತ್ತದೆ, ಸವಳು ಮಣ್ಣಿನ ಉಪ್ಪನ್ನೂ ತನ್ನ ಜೊತೆ ತರುತ್ತದೆ. ಬೆಡ್ ಹಾಕುವ ಮೊದಲು ಗರಸಿನ ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಟೇಪ್ ಹಚ್ಚಿರಿ. ಇಡೀ ಮನೆಯ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ. ಇದನ್ನು ಬಿಟ್ಟರೆ ಮುಂದೆ ಸಂದುಗಳಲ್ಲಿ ಬಿಳಿ ಉಪ್ಪು ಪುಡಿಪುಡಿಯಾಗಿ ಏಳುತ್ತದೆ, ಅದಕ್ಕೆ ಮೇಲಿನಿಂದ ಮದ್ದಿಲ್ಲ. ಸಪ್ಪೆ ನೀರು ಸಿಗುವಲ್ಲಿ ಸವಳು ಬೋರಿನ ನೀರಿನಲ್ಲಿ ಸಿಮೆಂಟ್ ಕಲಸಬೇಡಿರಿ.

ಇನ್ನು ಮೇಲೆ ಏನು ಹಾಸುವುದು. ಅಗ್ಗ ಎಂದರೆ ನಮಗೆ ಮೊದಲು ನೆನಪಾಗಬೇಕಾದದ್ದು ಪರಸಿ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ಗಡಿಯಾಚೆಯ ತಾಂಡೂರು, ಬೇತಂಚೆರ್ಲ, ಕಡಪ ಎಲ್ಲವೂ ನಮಗೆ ಹತ್ತಿರ. ದೂರದ ಸಾಗಾಟದ ಹೊರೆ ಇಲ್ಲ. ಕಾಲಿಗೆ ತಂಪು, ತೂಕದ ಟ್ರಂಕ್ ಎಳೆದರೂ ಗ್ಯಾಸ್ ಸಿಲಿಂಡರ್ ಉರುಳಿಸಿದರೂ ತಡೆಯುತ್ತದೆ. ಆದರೆ ಕಲ್ಲಿನ ದರವೊಂದನ್ನೇ ನೋಡಿ ಲೆಕ್ಕ ಹಾಕಬೇಡಿರಿ. ಅಂಚು ಕತ್ತರಿಸುವುದು, ಕೂರಿಸುವ ಕೂಲಿ, ಆಮೇಲೆ ಯಂತ್ರದ ಪಾಲಿಶ್, ಇವು ಮೂರೂ ಸೇರಿದಾಗ ಸಾಧಾರಣ ಟೈಲ್ಸಿನ ಹತ್ತಿರಕ್ಕೇ ಬರುವುದುಂಟು. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗಣಗಣ ಎಂದರೆ ಗಟ್ಟಿ. ಮಂದ ಸದ್ದು ಬಂದರೆ ಒಳಗೆ ಪದರು ಬಿಟ್ಟಿದೆ, ಮುಂದೆ ಚಕ್ಕೆ ಏಳುತ್ತದೆ. ಮೇಲೆ ನೀರು ಸುರಿದು ಒಣಗಲು ಬಿಟ್ಟರೆ ಕೂದಲೆಳೆಯಂಥ ಬಿರುಕಿನ ಗೆರೆ ಮಾತ್ರ ಹಸಿಯಾಗಿ ಉಳಿದು ಕಾಣುತ್ತದೆ. ದಪ್ಪ ಒಂದು ಇಂಚಿಗೆ ಕಡಿಮೆ ಇರಬಾರದು. ಕೂರಿಸಿದ ಎರಡು ವಾರಕ್ಕೆ ಮೊದಲು ಪಾಲಿಶ್ ಯಂತ್ರ ಹತ್ತಿಸಬೇಡಿರಿ, ಹಸಿ ಗಾರೆಯ ಮೇಲೆ ಕಲ್ಲು ಅಲುಗುತ್ತದೆ.

ಪರಸಿ, ಕಡಪ ಎರಡೂ ಸುಣ್ಣದ ಕಲ್ಲು ಎಂಬುದು ನೆನಪಿರಲಿ. ಹುಣಸೆಹುಳಿ, ನಿಂಬೆರಸ, ಮಜ್ಜಿಗೆ ಬಿದ್ದು ಹಾಗೇ ಉಳಿದರೆ ಹೊಳಪು ತಿಂದು ಮಂಕು ಕಲೆ ಬೀಳುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ಡಂತೂ ಕಲ್ಲನ್ನೇ ನೊರೆ ಎಬ್ಬಿಸಿ ತಿನ್ನುತ್ತದೆ. ಹಾಗಾಗಿ ಪಡಸಾಲೆಗೆ, ಮಲಗುವ ಕೋಣೆಗೆ, ಕಾಳು ಮೂಟೆ ಇಡುವ ಕೋಣೆಗೆ ಪರಸಿ ಹಾಕಿ, ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕುವುದು ಒಳ್ಳೆಯ ಹಂಚಿಕೆ. ಇಳಕಲ್ಲು, ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ನಮ್ಮ ಬಾಗಿಲಲ್ಲೇ ಇದೆ. ಕಾರ್ಖಾನೆಗಳಲ್ಲಿ ಉಳಿದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ, ಮೆಟ್ಟಿಲಿಗೆ, ಹೊಸ್ತಿಲಿಗೆ, ಕಿಟಕಿ ಕಟ್ಟೆಗೆ ಅವು ಸಾಕು. ಬಿಸಿಲು ಬೀಳುವ ಹೊರಗಟ್ಟೆಗೆ ಮಾತ್ರ ಕಪ್ಪು ಕಲ್ಲು ಬೇಡ. ಚೈತ್ರ, ವೈಶಾಖದಲ್ಲಿ ಬರಿಗಾಲು ಇಡಲಾಗುವುದಿಲ್ಲ.

ಟೈಲ್ಸ್ ಎನ್ನುವವರಿಗೆ ಹೇಳುವುದು ಹೆಚ್ಚಿದೆ. ನೆಲಕ್ಕೆ ವಿಟ್ರಿಫೈಡ್ ತೆಗೆದುಕೊಳ್ಳಿರಿ. ಅದು ತನ್ನ ತೂಕದ ಅರ್ಧ ಪರ್ಸೆಂಟ್ ನೀರನ್ನೂ ಹೀರುವುದಿಲ್ಲ. ಸೆರಾಮಿಕ್ ಅದಕ್ಕಿಂತ ಎಷ್ಟೋ ಪಟ್ಟು ಹೀರುತ್ತದೆ. ಅಂಗಡಿಯಲ್ಲೇ ಟೈಲ್ಸ್ ಬೋರಲು ಹಾಕಿ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಡಿರಿ, ಹನಿ ಬೇಗ ಇಂಗಿದರೆ ಅದು ವಿಟ್ರಿಫೈಡ್ ಅಲ್ಲ. ವಿಟ್ರಿಫೈಡ್‌ನಲ್ಲೂ ಡಬಲ್ ಚಾರ್ಜ್ ಎಂಬುದರಲ್ಲಿ ಬಣ್ಣದ ಪದರು ಮೂರು ನಾಲ್ಕು ಮಿಲಿಮೀಟರ್ ಆಳದವರೆಗೆ ಇರುತ್ತದೆ, ಓಡಾಟದ ಪಡಸಾಲೆಗೆ ಅದು ತಕ್ಕದ್ದು. ಮೇಲೆ ಚಿತ್ರ ಅಚ್ಚು ಹಾಕಿದ್ದರಲ್ಲಿ ವಿನ್ಯಾಸ ಬಹಳ, ಆದರೆ ಬಣ್ಣ ಮೇಲ್ಮೈಯಲ್ಲಷ್ಟೇ. ಚಕ್ಕೆ ಎದ್ದರೆ ಒಳಗಿನ ಬಿಳಿ ಮೈ ಕಾಣುತ್ತದೆ. ಒಡೆದ ತುಂಡೊಂದನ್ನು ಕೇಳಿ ಪಡೆದು ಅಂಚಿನಲ್ಲಿ ನೋಡಿದರೆ ಯಾವುದು ಯಾವುದೆಂದು ನಿಮಗೇ ತಿಳಿಯುತ್ತದೆ.

ಕಡಿಮೆ ದರಕ್ಕೆ ಸಿಗುವ ಎರಡನೇ ದರ್ಜೆಯ ಮಾಲಿನಲ್ಲಿ ಸೊಟ್ಟ ಹೆಚ್ಚು. ಎರಡು ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ ಒತ್ತಿರಿ. ಮೂಲೆ ಅಲ್ಲಾಡಿದರೆ, ನಡುವೆ ಬೆಳಕು ತೂರಿದರೆ ಬಿಟ್ಟುಬಿಡಿರಿ, ಯಾವ ಗೌಂಡಿಯೂ ಅದನ್ನು ಸಮ ಕೂರಿಸಲಾರ. ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತದೆ. ಇಡೀ ಮನೆಯ ಬಾಕ್ಸುಗಳಿಗೆ ಅದು ಒಂದೇ ಆಗಿರಬೇಕು. ಕಡಿಮೆ ಬಿತ್ತೆಂದು ತಿಂಗಳ ಮೇಲೆ ತಂದರೆ ಅದೇ ಹೆಸರಿನ ಟೈಲ್ಸ್ ಬೇರೆ ಬಣ್ಣಕ್ಕೆ ಬರುತ್ತದೆ. ಆದ್ದರಿಂದ ಲೆಕ್ಕ ಮೊದಲೇ ಸರಿ ಇರಲಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ ಎಂದರೆ ನೆಲ 120 ಚದರ ಅಡಿ. ಸುತ್ತಳತೆ 44 ಅಡಿಯಲ್ಲಿ ಬಾಗಿಲಿನ 3 ಅಡಿ ಕಳೆದು, ನಾಲ್ಕು ಇಂಚು ಎತ್ತರದ ಸ್ಕರ್ಟಿಂಗಿಗೆ ಸುಮಾರು 14 ಚದರ ಅಡಿ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಐದರಂತೆ 7 ಸೇರಿಸಿದರೆ 141. ಎರಡಡಿ ಚೌಕದ ಬಾಕ್ಸಿನಲ್ಲಿ ನಾಲ್ಕು ಇರುತ್ತವೆ, ಅಂದರೆ 16 ಚದರ ಅಡಿ. ಒಂಬತ್ತು ಬಾಕ್ಸ್ ಬೇಕು. ಮುಂದೆ ಪೈಪ್ ಒಡೆದು ಅಗೆಯುವ ಸಂದರ್ಭ ಬಂದೇ ಬರುತ್ತದೆ, ಇಡೀ ಮನೆಗೆ ಒಂದು ಬಾಕ್ಸ್ ಹೆಚ್ಚು ತಂದು ಅಟ್ಟದ ಮೇಲೆ ನಿಲ್ಲಿಸಿಡಿರಿ. ದರ ಕೇಳುವಾಗ ಜಿಎಸ್‌ಟಿ, ಸಾಗಾಟ, ಇಳಿಸುವ ಹಮಾಲಿ ಸೇರಿದೆಯೇ ಎಂದು ಬಿಡಿಸಿ ಕೇಳಿರಿ.

ಬಣ್ಣದ ವಿಷಯದಲ್ಲಿ ಊರು ನೋಡಿ ಆರಿಸುವುದು ಜಾಣತನ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಕೆಂಪು ಧೂಳು ಹಾರುತ್ತದೆ. ಹಾಲು ಬಿಳುಪಿನ ಹೊಳೆಯುವ ನೆಲ ಅಲ್ಲಿ ದಿನಕ್ಕೆರಡು ಸಲ ಒರೆಸಿದರೂ ಮಾಸಿದಂತೆಯೇ ಕಾಣುತ್ತದೆ, ಬಿಳಿ ಸಿಮೆಂಟಿನ ಸಂದು ಕೆಲವೇ ತಿಂಗಳಲ್ಲಿ ಕೆಂಪಾಗುತ್ತದೆ. ತಿಳಿ ಕಂದು ಅಥವಾ ಬೂದು ಟೈಲ್ಸ್, ಸಂದು ತುಂಬಲು ಅದೇ ಬಣ್ಣದ ಗ್ರೌಟ್ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಹೊಳಪಿನ ಟೈಲ್ಸನ್ನು ನಾನು ಯಾವ ಕೋಣೆಗೂ ಒಪ್ಪುವುದಿಲ್ಲ. ಒಂದು ಲೋಟ ನೀರು ಚೆಲ್ಲಿದ್ದು ಕಾಣದೆ ಕಾಲಿಟ್ಟರೆ ಸೊಂಟದ ಮೂಳೆಯೇ ಹೋಗುತ್ತದೆ. ಮ್ಯಾಟ್ ಮೈಯ ಟೈಲ್ಸಿಗೆ ದರದಲ್ಲಿ ದೊಡ್ಡ ವ್ಯತ್ಯಾಸವೂ ಇರುವುದಿಲ್ಲ.

ಕೂರಿಸುವಾಗ ಮಾಲೀಕರು ಎದುರಿಗೆ ನಿಲ್ಲಬೇಕಾದ ದಿನ ಮೊದಲ ದಿನ. ಎರಡು ಇಂಚಿನ ಗಾರೆ ಹಾಸಿಗೆಗೆ ಒಂದಕ್ಕೆ ಆರರಂತೆ ಕಲಸಿದರೆ ಮೇಲೆ ಹೇಳಿದ ಕೋಣೆಗೆ ಸುಮಾರು ಮೂರು ಚೀಲ ಸಿಮೆಂಟ್, 22 ಘನ ಅಡಿ ಮರಳು ಹಿಡಿಯುತ್ತದೆ. ವಿಟ್ರಿಫೈಡ್ ನೀರು ಹೀರದ ಕಾರಣ ಬರಿ ಸಿಮೆಂಟ್ ಹಾಲಿಗೆ ಗಟ್ಟಿಯಾಗಿ ಅಂಟುವುದಿಲ್ಲ. ಬೆಡ್ ಸಮಮಟ್ಟವಾಗಿದ್ದರೆ ಗಾರೆಯ ಬದಲು ಟೈಲ್ಸ್ ಅಂಟೇ ಮೇಲು. 20 ಕೆಜಿ ಚೀಲ ಮೂರು ಮಿಲಿಮೀಟರ್ ದಪ್ಪಕ್ಕೆ ಸುಮಾರು 50 ಚದರ ಅಡಿ ಬರುತ್ತದೆ. ಹಲ್ಲಿನ ಕರಣೆಯಿಂದ ಪೂರಾ ಮೈಗೆ ಎಳೆಯಬೇಕು. ನಾಲ್ಕು ಮೂಲೆ ಮತ್ತು ನಡುವಿಗೆ ಐದು ಉಂಡೆ ಇಟ್ಟು ಒತ್ತಿಬಿಡುವ ಪದ್ಧತಿಗೆ ಒಪ್ಪಬೇಡಿರಿ, ಉಂಡೆಗಳ ನಡುವಿನ ಟೊಳ್ಳಿನ ಮೇಲೆ ಮಂಚದ ಕಾಲು ಬಿದ್ದ ದಿನ ಟೈಲ್ಸ್ ಸೀಳುತ್ತದೆ. ಮರುದಿನ ನಾಣ್ಯದಿಂದ ಒಂದೊಂದನ್ನೂ ತಟ್ಟಿ, ಟೊಳ್ಳು ಸದ್ದು ಬಂದವಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಗ್ರೌಟ್ ತುಂಬುವ ಮೊದಲೇ ಎಬ್ಬಿಸಿ ಕೂರಿಸಲು ಹೇಳಿರಿ.

ಟೈಲ್ಸ್ ನಡುವೆ ಸಂದು ಸಮ ಬರಲು ಎರಡು ಮಿಲಿಮೀಟರ್ ಸ್ಪೇಸರ್ ತುಂಡು, ಗೋಡೆಗೂ ಟೈಲ್ಸಿಗೂ ನಡುವೆ ಎಂಟರಿಂದ ಹತ್ತು ಮಿಲಿಮೀಟರ್ ಜಾಗ. ಸಂದಿಲ್ಲದೆ ಹಾಕಿದರೆ ಚೆಂದ ಎಂದು ಕೆಲವರು ಹೇಳುತ್ತಾರೆ. ನಾಲ್ವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ನೆಲ ಹಿಗ್ಗಲು ಜಾಗ ಸಿಗದೆ, ಒಂದು ಮಧ್ಯಾಹ್ನ ನಡುಕೋಣೆಯ ಟೈಲ್ಸ್ ಸದ್ದು ಮಾಡಿ ಗುಡಿಸಲಿನ ಸೂರಿನಂತೆ ಎದ್ದು ನಿಲ್ಲುತ್ತದೆ. ಗೋಡೆ ಬದಿಯ ಜಾಗವನ್ನು ಸ್ಕರ್ಟಿಂಗ್ ಮುಚ್ಚುತ್ತದೆ, ಅದನ್ನು ಗಾರೆಯಿಂದ ತುಂಬಿಸಬಾರದು. ಎರಡಡಿಗೆ ನಾಲ್ಕಡಿಯ ಉದ್ದ ಟೈಲ್ಸ್ ನಡುವೆ ಸ್ವಲ್ಪ ಬಾಗಿರುವುದು ಸಹಜ. ಇಟ್ಟಿಗೆ ಜೋಡಣೆಯಂತೆ ಅರ್ಧಕ್ಕೆ ಸಂದು ತರಬೇಡಿರಿ, ನೇರ ಸಾಲು ಇರಲಿ.

ಬಚ್ಚಲಿಗೆ ಒಂದಡಿ ಚೌಕದ, ಜಾರದ ಮೈಯ ಟೈಲ್ಸ್. ಕೋಣೆಯ ನೆಲಕ್ಕಿಂತ ಒಂದು ಇಂಚು ಕೆಳಗೆ, ನಾಲ್ಕು ಅಡಿಗೆ ಮುಕ್ಕಾಲು ಇಂಚು ಇಳಿಜಾರು. ಬಕೆಟ್ ನೀರು ಸುರಿದು ನೋಡಿದ ಮೇಲೆಯೇ ಗೌಂಡಿಯ ಲೆಕ್ಕ ಮುಗಿಸಿರಿ. ಗ್ರೌಟ್ ಅಲ್ಲಿ ಸಿಮೆಂಟಿನದು ಬೇಡ, ಎಪಾಕ್ಸಿ ಎಂಬ ರಾಳದ್ದು ಇರಲಿ.

ಕಾರ್ಪೆಟ್ ಎಂದು ನಮ್ಮ ಪೇಟೆಯಲ್ಲಿ ಮಾರುವುದರಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನ ವಿನೈಲ್ ಹಾಳೆ. ಕೈಯಲ್ಲಿ ಹಣ ತೀರಿ, ಬರಿ ಸಿಮೆಂಟ್ ನೆಲದಲ್ಲಿ ಗೃಹಪ್ರವೇಶ ಮಾಡುವವರಿಗೆ ಎರಡು ಮೂರು ವರ್ಷದ ಮಟ್ಟಿಗೆ ಅದು ಒಳ್ಳೆಯ ದಾರಿಯೇ. ಅರ್ಧ ಮಿಲಿಮೀಟರಿನದು ಕುರ್ಚಿ ಎಳೆದರೆ ಹರಿಯುತ್ತದೆ, ಒಂದೂವರೆ ಮಿಲಿಮೀಟರಿಗೆ ಕಡಿಮೆ ಬೇಡ. ಸುರುಳಿಯ ಅಗಲ ಎರಡು ಮೀಟರ್, ಎಂದರೆ ಆರೂವರೆ ಅಡಿ ಇದ್ದರೆ, ಯಾವ ದಿಕ್ಕಿಗೆ ಹಾಸುತ್ತೀರಿ ಎಂಬುದರಲ್ಲೇ ಹಣ ಉಳಿಯುತ್ತದೆ. ಹನ್ನೆರಡಕ್ಕೆ ಹತ್ತರ ಕೋಣೆಯಲ್ಲಿ ಹತ್ತಡಿಯ ಎರಡು ಪಟ್ಟಿ ಅಡ್ಡ ಹಾಸಿದರೆ 20 ಅಡಿ ಸಾಕು. ಉದ್ದಕ್ಕೆ ಹಾಸಿದರೆ ಹನ್ನೆರಡರ ಎರಡು ಪಟ್ಟಿ, 24 ಅಡಿ ಬೇಕು, ಒಂದು ಪಟ್ಟಿಯಿಂದ ಮೂರಡಿ ಅಗಲ ಕತ್ತರಿಸಿ ಎಸೆಯಬೇಕಾಗುತ್ತದೆ.

ಹೊಸ ಸಿಮೆಂಟಿನ ಮೇಲೆ ಅವಸರದಿಂದ ವಿನೈಲಾಗಲಿ ಕಾರ್ಪೆಟ್ಟಾಗಲಿ ಹಾಸಬಾರದು. ಕಾಂಕ್ರೀಟ್ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆ. ನಾಲ್ಕಿಂಚಿನ ಬೆಡ್ಡಿಗೆ ನಾಲ್ಕು ತಿಂಗಳು. ಪರೀಕ್ಷೆ ಸುಲಭ: ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಒಳಗೆ ಬೆವರಿದರೆ ಅಥವಾ ಅಡಿಯ ಸಿಮೆಂಟ್ ಕಪ್ಪಗಾಗಿದ್ದರೆ ಇನ್ನೂ ತೇವವಿದೆ. ಹಾಗೇ ಮುಚ್ಚಿದರೆ ಬೂಸ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ, ಅಂಟು ಬಿಟ್ಟು ಹಾಳೆ ಗುಳ್ಳೆ ಏಳುತ್ತದೆ. ಕಾಲುವೆ ಕಡೆಯವರು ಈ ಪರೀಕ್ಷೆಯನ್ನು ಕಾಲುವೆಗೆ ನೀರಿರುವಾಗಲೇ ಮಾಡಬೇಕು, ಬೇಸಿಗೆಯಲ್ಲಿ ಮಾಡಿದರೆ ಮೋಸ ಹೋಗುತ್ತೀರಿ.

ಗೋಡೆಯಿಂದ ಗೋಡೆಗೆ ಅಂಟಿಸುವ ಉಣ್ಣೆಯಂಥ ಕಾರ್ಪೆಟ್ ನಮ್ಮ ಧೂಳಿಗೆ, ಸೆಖೆಗೆ ಸಲ್ಲದು. ಕಸಬರಿಗೆ ಅದರೊಳಗಿನ ಧೂಳನ್ನು ತೆಗೆಯಲಾರದು, ದಮ್ಮು ಇರುವವರ ಮನೆಗಂತೂ ಬೇಡವೇ ಬೇಡ. ಅದರ ಬದಲು ಬಿಡಿ ಹಾಸು ಹಾಕಿರಿ. ಹತ್ತಿಯ ಜಮಖಾನೆ ಒಗೆಯಬಹುದು, ಬಿಸಿಲಿಗೆ ಒಣಹಾಕಬಹುದು, ನೆಂಟರು ಬಂದರೆ ಮಲಗಲೂ ಆಗುತ್ತದೆ. ನವಲಗುಂದದ ಕೈಮಗ್ಗದ್ದು ದರ ಹೆಚ್ಚಾದರೂ ಬಾಳಿಕೆ ಬರುತ್ತದೆ. ಸೋಫಾದ ಮುಂದೆ ಮೆತ್ತನೆಯದೇ ಬೇಕೆಂದರೆ ಗಿಡ್ಡ ಎಳೆಯ ಪಾಲಿಪ್ರೊಪಿಲೀನ್ ಕಾರ್ಪೆಟ್ ತನ್ನಿರಿ. ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ, ಆದರೆ ಎಣ್ಣೆ ಕಲೆ ಬಿಡುವುದಿಲ್ಲ, ಆದ್ದರಿಂದ ಊಟದ ಜಾಗದಲ್ಲಿ ಬೇಡ. ಸೆಣಬಿನದು ನೋಡಲು ಚೆಂದ, ಒಮ್ಮೆ ನೆನೆದರೆ ವಾಸನೆ ಹೋಗದು. ಕೊಳ್ಳುವಾಗ ಮಡಚಿ ಬೆನ್ನು ನೋಡಿರಿ. ಎಳೆಗಳ ನಡುವೆ ತಳದ ಬಟ್ಟೆ ಢಾಳಾಗಿ ಕಂಡರೆ ನೇಯ್ಗೆ ವಿರಳ, ವರ್ಷದಲ್ಲಿ ಬೋಳಾಗುತ್ತದೆ. ರಬ್ಬರ್ ತಳದ ಕಾಲೊರಸನ್ನು ವಿನೈಲ್ ಮೇಲೆ ಹಾಕಿದರೆ ಹಳದಿ ಕಲೆ ಶಾಶ್ವತವಾಗಿ ಕೂರುತ್ತದೆ, ಟೈಲ್ಸ್ ಮೇಲೂ ಬೇಸಿಗೆಯ ಶಾಖಕ್ಕೆ ಆ ರಬ್ಬರ್ ಕರಗಿ ಹತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಎತ್ತಿ ಅಡಿಗೂ ಒರೆಸಿ, ನೆಲ ಪೂರಾ ಒಣಗಿದ ಮೇಲೆ ಮತ್ತೆ ಹಾಕಿರಿ.