ಊರ ಲೈಬ್ರರಿಗೆ ಕಂಪ್ಯೂಟರ್ ತರುವ ಮುಂಚೆ

ಊರಲ್ಲಿ ಮಕ್ಕಳಿಗೊಂದು ಲೈಬ್ರರಿ ಮಾಡಬೇಕು ಅಂತ ಹೊರಟವರು ಮೊದಲು ಹುಡುಕುವುದು ದಾನಿಗಳನ್ನು. ಅದೆಲ್ಲ ಆಮೇಲೆ. ಮೊದಲು ಪಂಚಾಯಿತಿಗೆ ಹೋಗಿ, ಅಲ್ಲಿ ಗ್ರಂಥಾಲಯ ಆಗಲೇ ಇರುವ ಸಾಧ್ಯತೆ ಜಾಸ್ತಿ. 2019ರಲ್ಲಿ ಈ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿರುತ್ತದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನೀವು ಕಟ್ಟುವ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ದುಡ್ಡು ನಿಮ್ಮದೇ, ಕೇಳಲು ಸಂಕೋಚ ಯಾಕೆ?

ಎರಡನೇ ಕೆಲಸ, ಮೇಲ್ವಿಚಾರಕರ ಜೊತೆ ಕೂತು ಏನಿದೆ ಏನಿಲ್ಲ ನೋಡುವುದು. ಅಲಮಾರಿಯ ಬೀಗ ತೆಗೆಸಿ. ಪ್ಲಗ್ ಪಾಯಿಂಟ್ ಎಷ್ಟಿವೆ, ಕರೆಂಟ್ ಯಾವಾಗ ಹೋಗುತ್ತದೆ, ಮಕ್ಕಳು ಬರುವ ಹೊತ್ತಿಗೆ ಬಾಗಿಲು ತೆರೆದಿರುತ್ತದಾ? ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಯಾರೂ ಬರುವುದಿಲ್ಲ, ಬೆಳಿಗ್ಗೆಯೇ ತೆರೆಸಿ. ಮನೆಯವರ ಜೊತೆ ಗುಳೆ ಹೋಗುವ ಮಕ್ಕಳ ಹೆಸರು ಹೊಡೆದು ಹಾಕಬೇಡಿ.

ನೆಟ್ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ. ಹಳೇ ಲ್ಯಾಪ್‌ಟಾಪ್ ಒಂದು ಸಾಕು. ನೆಟ್ ಚೆನ್ನಾಗಿರುವ ಕಡೆ ನೆಟ್ ಇಲ್ಲದೆಯೂ ವಿಕಿಪೀಡಿಯ ಓದಿಸುವ ‘ಕಿವಿಕ್ಸ್’ ಆ್ಯಪ್ ಮತ್ತು ಅದರ ಕನ್ನಡ ಫೈಲ್ ಇಳಿಸಿಕೊಂಡರೆ ಇಡೀ ಕನ್ನಡ ವಿಕಿಪೀಡಿಯ ಪೆನ್‌ಡ್ರೈವ್‌ನಲ್ಲಿ ಊರಿಗೆ ಬರುತ್ತದೆ. ‘ಸ್ಟೋರಿವೀವರ್’ ವೆಬ್‌ಸೈಟಿನಲ್ಲಿ ಚಿತ್ರಗಳಿರುವ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಸಲೂಬಹುದು. ಚಿತ್ರ ಬಿಡಿಸಲು ‘ಟಕ್ಸ್ ಪೇಂಟ್’.

ಇಷ್ಟಕ್ಕೇ ನಿಂತರೆ ಮಾತ್ರ ಅದು ಇನ್ನೊಂದು ಟಿವಿ. ನನ್ನ ಪ್ರಕಾರ ಮಕ್ಕಳು ನೋಡುವುದಕ್ಕಿಂತ ಮಾಡುವುದು ಜಾಸ್ತಿ ಇರಬೇಕು, ಮಾಡಲು ವಿಷಯ ನಮ್ಮ ಕಡೆ ಬೇಕಾದಷ್ಟಿದೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟನ್ನು ಹೇಗೆ ಬಳಸುತ್ತಾರೆ? ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿತಲ್ಲ, ಅದರ ಬಂಡೆ ಈಗ ಹೇಗಿದೆ? ಬಳ್ಳಾರಿ ಕಡೆ ತೊಗಲುಗೊಂಬೆ ಆಡಿಸುವವರ ಮನೆಯಲ್ಲಿ ಗೊಂಬೆಗಳನ್ನು ಎಲ್ಲಿಡುತ್ತಾರೆ? ಇಷ್ಟೆಲ್ಲ ದೂರ ಯಾಕೆ, ಮನೆಯ ಅಜ್ಜಿಯ ಬೀಸುವ ಪದದಿಂದಲೇ ಶುರು ಮಾಡಿ.

ಅಜ್ಜಿಯನ್ನು ಮೊದಲು ಕೇಳಬೇಕು, ‘ಬ್ಯಾಡ’ ಅಂದರೆ ಅಲ್ಲಿಗೆ ಬಿಡಬೇಕು. ಒಪ್ಪಿದರೆ ಫ್ಯಾನ್ ಆರಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಇಟ್ಟು ರೆಕಾರ್ಡ್ ಮಾಡಿ. ಶುರುವಿನಲ್ಲೇ ಊರು, ತಾರೀಖು ಹೇಳಿಸಿ. ಆಮೇಲೆ ಮಕ್ಕಳೇ ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಲಿ. ಧ್ವನಿ ಟೈಪಿಂಗ್ ‘ಹೊಂಟೀನಿ’, ‘ಬಂದಾಳ’ ಅನ್ನುವ ಮಾತನ್ನು ಬೇರೇನೋ ಮಾಡಿಬಿಡಬಹುದು, ತಿದ್ದುತ್ತಾ ಕೂತರೆ ಕಾಗುಣಿತವೂ ಬರುತ್ತದೆ, ಕೀಬೋರ್ಡೂ ಬರುತ್ತದೆ. ಫೈಲಿಗೆ ಊರಿನ ಹೆಸರು ಕೊಟ್ಟು ಎರಡು ಕಡೆ ಉಳಿಸಿ.

ಇನ್ನು ಟೈಪ್ ಮಾಡಿದ್ದನ್ನು ಪುಸ್ತಕ ಮಾಡುವುದು. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಚಿ ಬಿಚ್ಚಿದರೆ ಎಂಟು ಮನೆ ಆಗುತ್ತವೆ. ಅಡ್ಡಕ್ಕೆ ಒಮ್ಮೆ ಮಡಿಚಿ, ಮಡಿಕೆಯ ಕಡೆಯಿಂದ ನಡುವಿನವರೆಗೆ ಕತ್ತರಿಸಿ, ಬಿಚ್ಚಿ ಉದ್ದಕ್ಕೆ ಮಡಿಚಿ ಎರಡೂ ತುದಿ ಒಳಗೆ ತಳ್ಳಿದರೆ ಪುಟ್ಟ ಪುಸ್ತಕ ರೆಡಿ. ಝೆರಾಕ್ಸ್ ಮಾಡಿಸಿ, ನಂಬರ್ ಹಾಕಿ, ಲೈಬ್ರರಿಯ ಕಪಾಟಿನಲ್ಲಿ ಉಳಿದ ಪುಸ್ತಕಗಳ ಸಾಲಿನಲ್ಲೇ ಇಡಿ.

ದೊಡ್ಡವರಿಗೆ ವಾರಕ್ಕೊಂದು ಸಂಜೆ ಕೊಡಿ. ಪಹಣಿ ತೆಗೆಯುವುದು ಹೇಗೆ, ಒಟಿಪಿ ಯಾರಿಗೂ ಯಾಕೆ ಹೇಳಬಾರದು, ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು. ಯಾರದೋ ಆಧಾರ್ ಲೈಬ್ರರಿ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತದೆ, ಸಂಜೆ ಬಾಗಿಲು ಹಾಕುವಾಗ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ.

ಇನ್ನೊಂದು ಮಾತು. ಸುಮ್ನೆ ಬಿಟ್ಟರೆ ಮೌಸ್ ಗಂಡು ಹುಡುಗರ ಕೈಯಲ್ಲೇ ಇರುತ್ತದೆ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡಿ, ಹೊತ್ತು ಮುಳುಗುವ ಮೊದಲು ಮನೆಗೆ ಹೋಗುತ್ತಾರೆ. ಅದಕ್ಕೆ ಪಾಳಿ ಚೀಟಿ ಬರೆಯಿರಿ, ಶಾಲೆ ಬಿಟ್ಟ ಕೂಡಲೇ ಮೊದಲ ಪಾಳಿ ಹುಡುಗಿಯರಿಗೆ.

ಬ್ಯಾಟರಿ, ಇನ್ನೊಂದು ಲ್ಯಾಪ್‌ಟಾಪ್ ಕೇಳುವುದಿದ್ದರೆ ಮಕ್ಕಳ ಗ್ರಾಮ ಸಭೆ ಸರಿಯಾದ ಜಾಗ. ಮಕ್ಕಳು ತಾವು ಮಾಡಿದ ಪುಸ್ತಕ ಹಿಡಿದುಕೊಂಡೇ ಹೋಗಲಿ, ಪಿಡಿಒ ಎದುರು ಬೇಡಿಕೆ ಓದಲಿ. ಅದನ್ನು ನಡಾವಳಿಯಲ್ಲಿ ಬರೆಸಿ, ನಕಲು ತೆಗೆದುಕೊಂಡೇ ಮನೆಗೆ ಬನ್ನಿ.